ಚುಕ್ಕಿಯಾಚೆಯ ಮತ

ಕಳೆದ ವಾರ ಮಗಳ ಹಳೆಯ ಡ್ರಾಯರ್ ಖಾಲಿ ಮಾಡುವಾಗ, ಬರೆದ ತಪ್ಪಿನ ಮೇಲೆ ಬಳಿಯುವ ಬಿಳಿ ಬಣ್ಣದ ಪುಟ್ಟ ಶೀಶೆ ಸಿಕ್ಕಿತು. ಮುಚ್ಚಳ ತಿರುಗಿಸಿದೆ. ಬಣ್ಣ ಗಟ್ಟಿಯಾಗಿತ್ತು, ವಾಸನೆ ಮಾತ್ರ ಹಾಗೆಯೇ ಇತ್ತು. ಅದರ ಹಿಂದೆಯೇ ಅಮೆರಿಕದ ಸೆಂಟರ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆ, ಅವರ ಊಟದ ಮೇಜು, ಮೇಜಿನಾಚೆ ಬೆನ್ನು ನೆಟ್ಟಗೆ ಮಾಡಿ ಕೂತ ಆ ಜಪಾನೀ ಹಿರಿಯರು...

ತೊಂಬತ್ತರ ದಶಕದ ನಡುವಿನ ಮಾತು. ನಾನು ಯಜಮಾನರ ವೀಸಾದ ಜೊತೆಯಲ್ಲಿ ಬಂದವಳು, ಕೆಲಸ ಮಾಡುವಂತಿರಲಿಲ್ಲ. ಇಲ್ಲಿಯ ಕಾಗದಪತ್ರಗಳಿಗೆಲ್ಲ ಒಂದು ಕೊನೆಯ ಹೆಸರು ಬೇಕು. ನಮ್ಮ ಮನೆತನದಲ್ಲಿ ಅದೆಲ್ಲಿತ್ತು? ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಮುಂದೆ ಯಜಮಾನರ ಹೆಸರು ಸೇರಿಸಿದ್ದರಲ್ಲ, ಅದೇ ಕೊನೆಯ ಹೆಸರಾಯಿತು. ಬ್ಯಾಂಕಿನಲ್ಲಿ, ಡಾಕ್ಟರ ಬಳಿ, ಮಗಳ ಸ್ಕೂಲಿನಲ್ಲಿ ನನ್ನನ್ನು ಯಜಮಾನರ ಹೆಸರಿನಿಂದಲೇ ಕರೆಯುತ್ತಿದ್ದರು. ನನ್ನ ಹೆಸರು ಕಿವಿಗೆ ಬೀಳುತ್ತಿದ್ದುದು ಅಮ್ಮ ಫೋನ್ ಮಾಡಿದಾಗ ಮಾತ್ರ.

ಒಂದು ದೀಪಾವಳಿಗೆ ಪಕ್ಕದ ಮನೆಗೆ ಕೊಬ್ಬರಿ ಮಿಠಾಯಿ ಕಳಿಸಿ, ಡಬ್ಬಿಯ ಮೇಲೆ ಶುಭಾಶಯದ ಚೀಟಿ ಅಂಟಿಸಿದ್ದೆ. ಮರುದಿನ ಆ ಹಿರಿಯರು ಡಬ್ಬಿ ತೊಳೆದು, ಅದರಲ್ಲಿ ಎರಡು ಕಿತ್ತಳೆ ಇಟ್ಟು ತಂದರು. ನಮ್ಮಂತೆಯೇ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಚೀಟಿ ಅವರ ಕೈಯಲ್ಲೇ ಇತ್ತು.

"ಈ ಅಕ್ಷರ ಯಾರದು?"

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ನೆನಪು ಮಾತ್ರ ಕನ್ನಡದಲ್ಲಿ ಬರುತ್ತದೆ.

ಅವರು ನಿವೃತ್ತ ದುಭಾಷಿ, ಹೆಂಡತಿ ತೀರಿಕೊಂಡಿದ್ದರು. ತಮ್ಮೂರಿನ ಸಂಸತ್ ಕ್ಷೇತ್ರದ ಚುನಾವಣೆಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಯುದ್ಧ ಮುಗಿದಾಗಿನಿಂದ ಯಾರು ನಿಂತರು, ಯಾರು ಗೆದ್ದರು, ಯಾರು ಎಷ್ಟರಲ್ಲಿ ಸೋತರು ಎಲ್ಲವೂ. ಆ ಒಂದು ಕ್ಷೇತ್ರದಿಂದ ಹಲವರು ಒಟ್ಟಿಗೆ ಆರಿಸಿ ಬರುತ್ತಿದ್ದರಂತೆ. ಹಾಗಾಗಿ ಒಂದೇ ಪಕ್ಷದವರೇ ಒಬ್ಬರ ಮತ ಒಬ್ಬರು ಕೀಳುತ್ತಿದ್ದರಂತೆ. ಈಗ ಕಾನೂನು ಬದಲಾಗಿ, ಒಬ್ಬೊಬ್ಬರೇ ಗೆಲ್ಲುವ ತುಂಡು ಕ್ಷೇತ್ರಗಳಾಗಿದ್ದವು. "ನಕಾಶೆಯಲ್ಲಿ ಈಗ ಇಲ್ಲದ್ದನ್ನು ಯಾರಾದರೂ ಬರೆದಿಡಬೇಕಲ್ಲ?" ಎಂದರು. ಅವರ ಕೈಬರಹ ಪ್ರೆಸ್ಸಿನ ಟೈಪಿಸ್ಟಳಿಗೆ ತಿಳಿಯುತ್ತಿರಲಿಲ್ಲ. ಶುದ್ಧಪ್ರತಿ ಮಾಡಿಕೊಡುವಿರಾ ಎಂದು ಕೇಳಿದರು.

ಎರಡು ಚಳಿಗಾಲ ಮಾಡಿದೆ. ಮಗಳನ್ನು ಸ್ಕೂಲ್ ಬಸ್ ಹತ್ತಿಸಿ, ಒಲೆಯ ಮೇಲಿನ ಬೇಳೆ ಇಳಿಸಿ ಹೋಗಿ ಕೂರುತ್ತಿದ್ದೆ. ಬರೀ ನಕಲಲ್ಲ. ಅವರು ಬಿಟ್ಟ 'ದಿ', 'ಎ'ಗಳನ್ನು ಸೇರಿಸಿದೆ, ಉದ್ದುದ್ದ ವಾಕ್ಯಗಳನ್ನು ಕತ್ತರಿಸಿದೆ. ಕಾನ್ವೆಂಟಿನ ಸಿಸ್ಟರ್ ಬೆರಳ ಗಂಟಿಗೆ ಸ್ಕೇಲಿನಿಂದ ಬಾರಿಸಿ ಕಲಿಸಿದ್ದೆಲ್ಲ ಅಲ್ಲಿ ಉಪಯೋಗಕ್ಕೆ ಬಂತು.

ಒಂದು ಪಟ್ಟಿಯಲ್ಲಿ ಇಬ್ಬರು ಅಭ್ಯರ್ಥಿಗಳ ಮತಗಳಿಗೆ ದಶಾಂಶವಿತ್ತು. ಚುಕ್ಕಿ, ಆಮೇಲೆ ಮೂರು ಅಂಕಿ. ಮನುಷ್ಯರ ಮತಕ್ಕೆ ದಶಾಂಶವೇ? ಪಾಪ, ವಯಸ್ಸಾದವರು ತಪ್ಪು ಬರೆದಿದ್ದಾರೆಂದು, ಅವರದೇ ಮೂಲಪ್ರತಿಯಲ್ಲಿ ಚುಕ್ಕಿಯಾಚೆಯದ್ದಕ್ಕೆಲ್ಲ ನೀಟಾಗಿ ಬಿಳಿ ಬಣ್ಣ ಬಳಿದೆ! ಅವರು ಚಹಾ ತಂದವರು ನೋಡಿ ಹಾಗೇ ನಿಂತರು.

"ಅಯ್ಯೋ, ಇವರೆಲ್ಲ ನಿಜವಾಗಿ ಮತ ಹಾಕಿದ ಜನ!"

"ಯಾರು ಸರ್?"

ಅಲ್ಲಿ ಮತ ಹಾಕುವವರು ಅಭ್ಯರ್ಥಿಯ ಹೆಸರನ್ನು ತಮ್ಮ ಕೈಯಾರೆ ಬರೆಯಬೇಕಂತೆ. ಒಂದೇ ಮನೆತನದ ಹೆಸರಿನ ಇಬ್ಬರು ನಿಂತು, ಮತದಾರ ಬರೀ ಮನೆತನದ ಹೆಸರು ಬರೆದರೆ ಅದು ಯಾರಿಗೆ? ಇಬ್ಬರಿಗೂ ಅವರವರ ಉಳಿದ ಮತಗಳ ಪ್ರಮಾಣದಲ್ಲಿ ಹಂಚುತ್ತಾರಂತೆ. ದಶಾಂಶ ಬರುವುದು ಅಲ್ಲಿಂದ.

"ಅರ್ಧ ಹೆಸರು ಬರೆದರೆ ಮತ ಪೂರ್ತಿಯಾಗಿ ಯಾರಿಗೂ ತಲುಪುವುದಿಲ್ಲ," ಎಂದರು. ಆಮೇಲೆ ನಕ್ಕರು. "ನೀವು ಚುನಾವಣಾ ಅಧಿಕಾರಿಯಾಗಿದ್ದರೆ ನಮ್ಮೂರಲ್ಲಿ ಗಲಾಟೆಯೇ ಆಗುತ್ತಿತ್ತು." ಬ್ಲೇಡ್ ತಂದು, ಕನ್ನಡಕ ಹಣೆಗೇರಿಸಿ, ಒಂದೊಂದೇ ಅಂಕಿಯ ಮೇಲಿನ ಬಿಳಿಯನ್ನು ಕೆರೆದು ತೆಗೆದರು. ಕಾಗದ ಎಲ್ಲೂ ಹರಿಯಲಿಲ್ಲ.

ಕೊನೆಯ ಅಧ್ಯಾಯ ಮುಗಿದ ದಿನ, ಏನನ್ನೂ ಕೇಳದ ನಾನು ಕೇಳಿದೆ. "ಸರ್, ಪುಸ್ತಕದಲ್ಲಿ ನನ್ನ ಹೆಸರು ಬರುತ್ತಾ? ಮೇಲ್‌ಬಾಕ್ಸಿನ ಮೇಲಿರೋದಲ್ಲ. ನನ್ನದು."

"ಖಂಡಿತ. ಬರೆದುಕೊಡಿ."

ಚೀಟಿಯಲ್ಲಿ ಬರೆದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ನನ್ನ ಹೆಸರು ಬರೆದಿರಲಿಲ್ಲ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆಬಾಗಿ, ಶರ್ಟಿನ ಜೇಬಿನಲ್ಲಿಟ್ಟರು.

ಪುಸ್ತಕ ಯುಗಾದಿಯ ಹೊತ್ತಿಗೆ ಬಂತು. ಬೂದು ರಟ್ಟು. ಮೊದಲ ಪುಟದ ಕೃತಜ್ಞತೆಯ ಕೊನೆಯ ಸಾಲಿನಲ್ಲಿ, ಶುದ್ಧಪ್ರತಿಗೆ ನೆರವಾದ ನೆರೆಮನೆಯವರು ಎಂದು, ಯಜಮಾನರ ಹೆಸರು. ಅಷ್ಟೇ.

ಮನೆಯಲ್ಲಿ ಯಾರಿಗೂ ತಪ್ಪೆನಿಸಲಿಲ್ಲ. ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಯಜಮಾನರು ಪುಸ್ತಕ ತಂದಿದ್ದರು. ಹೋಳಿಗೆ ಬಡಿಸುತ್ತಿದ್ದ ಆಂಟಿಯೊಬ್ಬರು, "ಏನ್ರೀ, ನಿಮ್ಮೆಜಮಾನ್ರು ಜಪಾನ್ ಎಲೆಕ್ಷನ್ ಬುಕ್ಕಲ್ಲಿ ಬಂದಿದಾರಂತೆ! ಹೇಳೇ ಇಲ್ಲ ನೀವು!" ಎಂದರು. ಪಕ್ಕದ ಪಂಕ್ತಿಯಿಂದ ಯಜಮಾನರ ದನಿ ಕೇಳಿತು: "ಏನೋ ಸ್ವಲ್ಪ ಹೆಲ್ಪ್ ಮಾಡಿದ್ವಿ ಅಷ್ಟೇ." ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನು ಎಲೆಯ ಮೇಲಿನ ಉಪ್ಪನ್ನು ನೋಡುತ್ತಿದ್ದೆ.

ಯಜಮಾನರ ಮೇಲಿನ ಸಿಟ್ಟು ಸಾರು ಕುದಿಯುವಷ್ಟು ಹೊತ್ತು ಇತ್ತು, ಇಳಿಯಿತು. ಇಳಿಯದ್ದು ಆ ಹಿರಿಯರ ಮೇಲಿನದು. ಮರುದಿನವೇ ಹೋಗಿ ಕೇಳಿದೆ.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಗೃಹಿಣಿಯೊಬ್ಬರ ಸ್ವಂತ ಹೆಸರನ್ನು ಅಚ್ಚಿನಲ್ಲಿ ಹಾಕಲು ಮನಸ್ಸು ಬರಲಿಲ್ಲ. ಕೊನೆಯ ಗಳಿಗೆಯಲ್ಲಿ ಬದಲಾಯಿಸಿದೆ. ಇದು ಗೌರವದ ಹೆಸರು, ಇಡೀ ಮನೆಗೆ ಸಲ್ಲುತ್ತದೆ."

ಅರ್ಧ ಹೆಸರಿನ ಮತ ಪೂರ್ತಿಯಾಗಿ ಯಾರಿಗೂ ತಲುಪುವುದಿಲ್ಲ ಎಂದಿದ್ದು ನೀವೇ ಅಲ್ಲವೇ ಸರ್, ಎಂದು ಕೇಳಬೇಕಿತ್ತು. "ಪರವಾಗಿಲ್ಲ ಸರ್," ಎಂದು ಬಂದುಬಿಟ್ಟೆ. ಹಿರಿಯರಿಗೆ ಎದುರಾಡಬಾರದೆಂದು ಸಿಸ್ಟರ್ ಕಲಿಸಿದ್ದು ಕೂಡ ಉಪಯೋಗಕ್ಕೆ ಬಂತು.

ಆಮೇಲೆ ಡಬ್ಬಿಗಳ ಓಡಾಟ ನಿಂತಿತು. ಮುಂದಿನ ವರ್ಷ ಅವರು ಊರಿಗೆ ಮರಳಿದರು. ಪ್ರತಿ ಹೊಸ ವರ್ಷಕ್ಕೂ ಒಂದು ಕಾರ್ಡ್ ಬರುತ್ತಿತ್ತು, ಮೇಲೆ ಅದೇ ಮೇಲ್‌ಬಾಕ್ಸಿನ ಹೆಸರು. ನಾನು ಉತ್ತರ ಬರೆಯಲಿಲ್ಲ. ಒಂದು ವರ್ಷ ಬೂದು ಅಂಚಿನ ಕಾರ್ಡ್ ಬಂತು, ಅವರ ಮಗಳಿಂದ. ಸಾವಿನ ಮನೆಯವರು ಹೊಸ ವರ್ಷದ ಶುಭಾಶಯ ಕೋರುವುದಿಲ್ಲ ಎಂದು ತಿಳಿಸುವ ಕಾರ್ಡ್.

ಈಗ ಆ ಪುಸ್ತಕ ತೆಗೆದು ಮೊದಲ ಪುಟ ಬಿಡಿಸಿದೆ. ಶೀಶೆಯ ಬ್ರಷ್ ಕಡ್ಡಿಯಂತಾಗಿತ್ತು, ಆ ಹೆಸರಿನ ಮೇಲೆ ಬಳಿಯೋಣವೆಂದರೂ ಆಗುವಂತಿರಲಿಲ್ಲ. ಆ ಪಟ್ಟಿಯ ಪುಟಕ್ಕೆ ಹೋದೆ. ಚುಕ್ಕಿಯಾಚೆಯ ಅಂಕಿಗಳೆಲ್ಲ ಒಂದೂ ಬಿಡದೆ ಅಚ್ಚಾಗಿವೆ. ಯಾವುದೋ ಊರಿನಲ್ಲಿ ಅರ್ಧ ಹೆಸರು ಬರೆದು ಹೋದವರ ಚೂರುಪಾರನ್ನೂ ಅವರು ಎಸೆದಿರಲಿಲ್ಲ. ನನಗೆ ಅಷ್ಟೂ ಇಡಲಿಲ್ಲ.

ಅವತ್ತು ಬಾಯಿಬಿಟ್ಟು ಹೇಳಿದ್ದರೆ, ಕನ್ನಡಕ ಹಣೆಗೇರಿಸಿ ಬ್ಲೇಡ್ ತರಲು ಎದ್ದು ಹೋಗುತ್ತಿದ್ದರೋ ಏನೋ... ಗೊತ್ತಿಲ್ಲ. ಕೇಳೋಣವೆಂದರೆ ಅವರೂ ಇಲ್ಲ.