ಲಿಫ್ಟಿನವರ ಬಗ್ಗೆ ಐದು ಪ್ರಶ್ನೆ

ಕಣ್ಣಿನ ಆಸ್ಪತ್ರೆಗೆ ಬರುವವರೆಲ್ಲ ಅವಳನ್ನು ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು ಸರದಿ ಚೀಟಿ ಕೊಡುವುದು, ಕಣ್ಣಿಗೆ ಹನಿ ಹಾಕಿಸಿಕೊಂಡವರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸುವುದು, ಕಣ್ಣು ಮುಚ್ಚಿಕೊಂಡೇ ಎದ್ದು ಓಡಾಡಲು ಹೊರಟವರನ್ನು ಗದರುವುದು, ಫೋನ್ ಬಂದರೆ ಎತ್ತುವುದು, ಇಷ್ಟು ಅವಳ ಕೆಲಸ. ಔಷಧಿ ಕಂಪನಿಯವರು, ಬೇರೆ ಆಸ್ಪತ್ರೆಯ ಡಾಕ್ಟರುಗಳು ಫೋನಿನಲ್ಲಿ ಇಂಗ್ಲಿಷೇ ಆಡುತ್ತಿದ್ದುದರಿಂದ ಕೇಳಿ ಕೇಳಿ ಅವಳಿಗೂ ಇಂಗ್ಲಿಷ್ ಬಂದಿತ್ತು. ವ್ಯಾಕರಣ ಕೇಳಿದರೆ ಕೈ ಆಡಿಸುತ್ತಿದ್ದಳು. ಆದರೆ ಮಾತು ತಡವರಿಸುತ್ತಿರಲಿಲ್ಲ.

ಗಂಡ ಲಿಫ್ಟ್ ಮೆಕ್ಯಾನಿಕ್. ಚಳಿ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡಲು ಸ್ಟೂಲಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿದ. ಲೇಸ್ ಕಟ್ಟುತ್ತಿದ್ದಾನೆ ಎಂದುಕೊಂಡು ಅವಳು ಊಟದ ಡಬ್ಬಿಗೆ ಮುಚ್ಚಳ ಹಾಕಿದಳು. ಬಾಗಿದವನು ಮೇಲೇಳಲಿಲ್ಲ.

ಅವಳು ಅಳಲಿಲ್ಲ. ಬಂದವರು ಅವಳ ಮುಖ ನೋಡುತ್ತ ಕೂತರು, ಈಗ ಅಳುತ್ತಾಳೆ, ಇನ್ನೇನು ಅಳುತ್ತಾಳೆ ಎಂದು ಕಾದು, ಕೊನೆಗೆ ತಾವೇ ಅತ್ತು ಎದ್ದುಹೋದರು. ನಾದಿನಿಯಂತೂ ಅಣ್ಣನನ್ನು ನೆನೆದು ದನಿ ಹೋಗುವಷ್ಟು ಅತ್ತಳು. ಅವಳಿಗೆ ನೀರು ತಂದುಕೊಟ್ಟವಳೂ ಚೀಟಿ ಅಕ್ಕನೇ. ಅವಳ ಒಳಗೆ ಮಾತ್ರ ಏನೂ ಇರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿದರೆ ನೋಡುತ್ತ ನಿಲ್ಲುತ್ತಿದ್ದಳು, ಆಮೇಲೆ ಬಟ್ಟೆ ತಂದು ಒರೆಸುತ್ತಿದ್ದಳು. ಆಸ್ಪತ್ರೆಗೆ ಮರಳಿ ಹೋದಾಗ ಒಂದು ದಿನ ಬಂದವರಿಗೆಲ್ಲ ಒಂದೇ ನಂಬರಿನ ಚೀಟಿ ಬರೆದುಕೊಟ್ಟಳು. ಬೆಂಚಿನ ಮೇಲೆ ಜಗಳ ಹತ್ತಿಕೊಂಡಿತು. ‘ನಾನು ಮೊದಲು’ ‘ನಾನು ಮೊದಲು’ ಎಂದು ಅರೆಗಣ್ಣಿನವರೆಲ್ಲ ಎದ್ದು ನಿಂತಾಗ ದೊಡ್ಡ ಡಾಕ್ಟರು ಹೊರಬಂದು ನೋಡಿದರು. ಬೈಯಲಿಲ್ಲ. “ಬೇಸಿಗೆ ಕಳೀಲಿ, ಆಮೇಲೆ ಬಾರಮ್ಮ” ಎಂದರು.

ನಾದಿನಿ ಶಾಲೆಯಲ್ಲಿ ಟೀಚರ್. ಗಂಡನ ಮನೆ ದೂರವಿರಲಿಲ್ಲವಾದರೂ ರಜೆ ಶುರುವಾದೊಡನೆ ಬಟ್ಟೆ ತುಂಬಿದ ಚೀಲ ಹಿಡಿದು ಅತ್ತಿಗೆಯ ಮನೆಗೇ ಬಂದಳು. ಅವಳ ಶಾಲೆಯ ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷ್ ಆಡುವವರಿಲ್ಲ, ರಜೆ ಮುಗಿಯುವಷ್ಟರಲ್ಲಿ ಕಲಿತದ್ದನ್ನೆಲ್ಲ ತೊಳೆದುಕೊಂಡು ಬರುತ್ತಾರೆ ಎಂದು ಆ ವರ್ಷ ಶಾಲೆಯವರು ಆನ್‌ಲೈನಿನಲ್ಲಿ ಮಾತಾಡಿಸುವ ಏರ್ಪಾಡು ಮಾಡಿದ್ದರು.

“ಒಂದಷ್ಟು ಮಕ್ಕಳನ್ನ ನೀವೂ ನೋಡ್ಕೊಳ್ಳಿ ಅತ್ತಿಗೆ. ಪಾಠಗೀಠ ಏನೂ ಬೇಡ. ಸುಮ್ನೆ ಮಾತಾಡಿಸ್ತಾ ಇರಿ. ಅವೂ ಮಾತಾಡ್ತವೆ.”

“ನಂಗೆ ಮಾತಾಡೋಕೆ ಏನಿದೆ?”

“ನಿಮಗಿಲ್ಲದಿದ್ರೆ ಏನಂತೆ, ಅವಕ್ಕಿರುತ್ತೆ” ಎಂದು ನಾದಿನಿ ತನ್ನ ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಇಟ್ಟು, ಅದು ಬಾಗದಂತೆ ಹಿಂದೆ ಹಿಟ್ಟಿನ ಡಬ್ಬ ಒತ್ತುಕೊಟ್ಟಳು. ಚೀಟಿ ಅಕ್ಕ ಬೇಡವೆನ್ನಲಿಲ್ಲ. ಬೇಡ ಎನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕು.

ಅವಳ ಪಾಲಿಗೆ ಮೂರು ಮಕ್ಕಳು ಬಂದರು. ಬಾಯಿ ಮುಚ್ಚದ ಒಬ್ಬ ಹುಡುಗ. ಅವನಿಗೆ ಮನೆಯಲ್ಲಿ ಇಟ್ಟಿದ್ದ ಅಡ್ಡಹೆಸರೇ ಪಟಪಟ. ಏನು ಕೇಳಿದರೂ ‘ಯೆಸ್ ಮಿಸ್’ ಎನ್ನುವ ಇನ್ನೊಬ್ಬ. ಊಟ ಆಯ್ತಾ ಎಂದರೂ ಯೆಸ್ ಮಿಸ್, ಏನು ತಿಂದೆ ಎಂದರೂ ಯೆಸ್ ಮಿಸ್. ಮೂರನೆಯವಳು ಒಬ್ಬ ಹುಡುಗಿ. ಅಜ್ಜಿಯ ಫೋನನ್ನು ಹಾಸಿಗೆಯ ಮೇಲೆ ಅಂಗಾತ ಇಟ್ಟುಕೊಂಡು ಕೂರುತ್ತಿದ್ದುದರಿಂದ ಪರದೆಯ ಮೇಲೆ ಅವಳ ಮನೆಯ ಛಾವಣಿ ಮಾತ್ರ ಕಾಣುತ್ತಿತ್ತು. ಉಳಿದಿಬ್ಬರು ಅವಳನ್ನು ಛಾವಣಿ ಎಂದೇ ಕರೆಯತೊಡಗಿದರು. ಅವಳಿಗೂ ಬೇಜಾರಿರಲಿಲ್ಲ.

ಮೊದಲ ದಿನಗಳು ಬಲು ಕಷ್ಟದಿಂದ ತೆವಳಿದವು. ಹೆಸರು ಹೇಳಿ, ವಯಸ್ಸು ಹೇಳಿ, ಇಷ್ಟದ ಬಣ್ಣ ಹೇಳಿ ಆದಮೇಲೆ ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಆಗ ನಾದಿನಿ ಒಂದು ಉಪಾಯ ಹೇಳಿಕೊಟ್ಟಳು. ದಿನಕ್ಕೊಬ್ಬರು ಮಿಸ್‌ಗೆ ಐದು ಪ್ರಶ್ನೆ ಕೇಳಬೇಕು. ಇಂಗ್ಲಿಷಿನಲ್ಲೇ. ಮಿಸ್ ಉತ್ತರ ಕೊಡಲೇಬೇಕು. ‘ಈಗ ಯಾರು ಏನು ಮಾಡುತ್ತಿದ್ದಾರೆ’ ಎನ್ನುವುದು ಆ ವಾರದ ಅಭ್ಯಾಸ.

ಪಟಪಟನೇ ಮೊದಲು ಶುರುಮಾಡಿದ. “ಮಿಸ್, ವಾಟ್ ಈಸ್ ಯುವರ್ ಹಸ್ಬೆಂಡ್ ಡೂಯಿಂಗ್?”

“ಹಿ ಈಸ್ ರಿಪೇರಿಂಗ್ ಎ ಲಿಫ್ಟ್” ಎಂದಳು ಚೀಟಿ ಅಕ್ಕ.

ಬಾಯಿಂದ ಬಂದದ್ದನ್ನು ಅವಳೇ ಕೇಳಿಸಿಕೊಂಡಳು. ಆ ವಾಕ್ಯ ಯಾರದೋ ಫೋನಿಗೆ ಕೊಟ್ಟ ಉತ್ತರದಂತೆ ಸಲೀಸಾಗಿ ಹೋಯಿತು. ಡಾಕ್ಟರ್ ಆಪರೇಷನ್ನಿನಲ್ಲಿದ್ದಾರೆ, ಆಮೇಲೆ ಮಾಡಿ. ಅಷ್ಟೇ.

“ಲಿಫ್ಟ್!” ಎಂದು ಮಕ್ಕಳು ಒಟ್ಟಿಗೆ ಕೂಗಿದರು. ಯೆಸ್ ಮಿಸ್ ಕೂಡ ಮೊದಲ ಸಲ ಬೇರೆ ಮಾತು ಆಡಿದ್ದ.

ಅಲ್ಲಿಂದ ಮುಂದೆ ಪ್ರಶ್ನೆಗಳೆಲ್ಲ ಲಿಫ್ಟಿನವರ ಬಗ್ಗೆಯೇ. ಇವತ್ತು ಯಾವ ಲಿಫ್ಟ್? ಒಳಗೆ ಯಾರು ಸಿಕ್ಕಿಕೊಂಡಿದ್ದರು? ಕತ್ತಲಿತ್ತಾ? ಚೀಟಿ ಅಕ್ಕನ ಬಳಿ ಉತ್ತರಗಳಿಗೆ ಬರವಿರಲಿಲ್ಲ. ಗಂಡ ಸಂಜೆ ಕೈ ತೊಳೆಯುತ್ತ ಹೇಳುತ್ತಿದ್ದ ಸಂಗತಿಗಳನ್ನೇ ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತ ಹೋದಳು. ಯಾರೋ ಒಬ್ಬನು ಬೀರುವನ್ನು ಲಿಫ್ಟಿನೊಳಗೆ ತುರುಕಿ, ತಾನು ಹತ್ತಲು ಜಾಗವಿಲ್ಲದೆ, ಕೈ ಒಳಗೆ ಚಾಚಿ ಗುಂಡಿ ಒತ್ತಿ ಮೆಟ್ಟಿಲು ಹತ್ತಿ ಓಡಿದ್ದ. ಅವನು ತಲುಪುವ ಮೊದಲೇ ಮೇಲಿನ ಮನೆಯ ಮುದುಕಿ ಲಿಫ್ಟಿನ ಬಾಗಿಲು ತೆರೆದು, ಬೀರು ತಾನಾಗಿಯೇ ಬಂದದ್ದು ಕಂಡು ಕಿರುಚಿಕೊಂಡಿದ್ದಳು. ಒಂದು ನಾಯಿ ಲಿಫ್ಟಿನ ಮೂಲೆಯಲ್ಲಿ ಕಾದು ಕೂತು, ಯಾರು ಯಾವ ಮಹಡಿಯಲ್ಲಿ ಇಳಿದರೂ ತಾನು ಮಾತ್ರ ತನ್ನ ಮಹಡಿ ಬಂದಾಗಲೇ ಇಳಿಯುತ್ತಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೀಟಿ ಅಕ್ಕನಿಗೆ ನಗು ಬರಲಿಲ್ಲ. ಆದರೆ ಕ್ಲಾಸಿನ ಹೊತ್ತಿಗೆ ಮುಂಚೆಯೇ ಮೇಜು ಒರೆಸಿ ಕೂರುವುದು ಅವಳಿಗೆ ರೂಢಿಯಾಗಿತ್ತು.

ನಾದಿನಿ ಆ ಹೊತ್ತಿನಲ್ಲಿ ಒಳಕೋಣೆಯಲ್ಲಿ ತನ್ನ ಪಾಲಿನ ಮಕ್ಕಳೊಂದಿಗೆ ಇರುತ್ತಿದ್ದಳು. ಹೊರಗಿನಿಂದ ನಗು ಕೇಳಿಸಿದರೆ ಅತ್ತಿಗೆ ಸ್ವಲ್ಪ ಚೇತರಿಸಿಕೊಳ್ಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು.

ಒಂದು ದಿನ ಪಟಪಟ ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹಗ್ಗ ಕಡಿದರೆ ಲಿಫ್ಟ್ ಕೆಳಗೆ ಬೀಳುತ್ತಾ? “ಆಸ್ಕ್ ಹಿಮ್ ಮಿಸ್, ಪ್ಲೀಸ್” ಎಂದು ಬೇರೆ ಸೇರಿಸಿದ. ಕ್ಲಾಸ್ ಮುಗಿದ ಮೇಲೆ ಅವಳು ಗಂಡನ ಜೊತೆ ಕೆಲಸ ಮಾಡುತ್ತಿದ್ದ ಕುಳ್ಳಣ್ಣನಿಗೆ ಫೋನ್ ಮಾಡಿದಳು.

“ಒಂದೇ ಹಗ್ಗ ಇರಲ್ಲ ಅಕ್ಕಾ, ನಾಲ್ಕೈದು ಇರ್ತವೆ. ಎಲ್ಲಾ ಹೋದ್ರೂ ಕೆಳಗಡೆ ಒಂದು ಬ್ರೇಕ್ ಇರುತ್ತೆ. ಸ್ಪೀಡ್ ಜಾಸ್ತಿ ಆಯ್ತು ಅಂದ್ರೆ ಪಕ್ಕದ ಕಂಬಿನ ಗಪ್ಪಂತ ಹಿಡ್ಕೊಳುತ್ತೆ” ಎಂದ ಕುಳ್ಳಣ್ಣ. ಆಮೇಲೆ, “ಯಾಕಕ್ಕಾ, ಇದೆಲ್ಲಾ ನಿಮಗೆ?” ಎಂದು ಕೇಳಿದ.

“ಮಕ್ಕಳು ಕೇಳಿದ್ರು.”

“ಓ” ಎಂದ.

ಮರುದಿನ ಅವಳು ಮಕ್ಕಳಿಗೆ ಹೇಳಿದಳು: ಕೇಳಿದೆ, ಬೀಳುವುದಿಲ್ಲ ಅಂದರು.

ವಾರ ಕಳೆಯುವಷ್ಟರಲ್ಲಿ ನಾದಿನಿ ಕೈಯಲ್ಲಿ ಫೋನ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ಅತ್ತಿಗೆ, ಆ ಹುಡುಗಿ ಅಜ್ಜಿ ಫೋನ್ ಮಾಡಿದ್ರು. ನಿಮ್ಮ ಕ್ಲಾಸಿನ ಹುಡುಗಿ.”

“ಛಾವಣಿನಾ?”

“ಅವರ ಬಿಲ್ಡಿಂಗ್ ಲಿಫ್ಟ್ ಕೆಟ್ಟು ತಿಂಗಳ ಮೇಲಾಯ್ತಂತೆ. ಕಂಪನಿಯವರು ಇವತ್ತು ನಾಳೆ ಅಂತ ಆಟ ಆಡಿಸ್ತಿದ್ದಾರಂತೆ. ಮಂಡಿನೋವು, ಮೆಟ್ಟಿಲಿಳಿಯೋಕಾಗದೆ ಮನೇಲೇ ಬಿದ್ದಿದೀನಿ ಅಂದ್ರು. ಮಿಸ್ ಯಜಮಾನ್ರು ಬಂದು ರಿಪೇರಿ ಮಾಡ್ತಾರೆ ಅಂತ ಮೊಮ್ಮಗಳು ಹೇಳಿದಳಂತೆ.” ನಾದಿನಿ ಫೋನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. “ನಿಮ್ಮಣ್ಣ ಯಾವತ್ತು ಬಿಡುವಾಗಿರ್ತಾರಮ್ಮ ಅಂತ ನನ್ನ ಕೇಳಿದ್ರು.”

ಚೀಟಿ ಅಕ್ಕ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. “ನೀನೇನಂದೆ?”

“ಏನನ್ಲಿ? ಕೇಳಿ ಹೇಳ್ತೀನಿ ಅಂದು ಇಟ್ಟುಬಿಟ್ಟೆ.” ನಾದಿನಿಯ ದನಿ ಏರಿತು. “ಅಣ್ಣ ಬದುಕಿದ್ದಾನೆ ಅಂತ ಹೇಳಿದ್ರಾ ಅತ್ತಿಗೆ? ಆ ಮಕ್ಕಳಿಗೆ?”

“ಇಂಗ್ಲಿಷಲ್ಲಿ ಹೇಳಿದ್ದು” ಎಂದಳು ಚೀಟಿ ಅಕ್ಕ.

ನಾದಿನಿಗೆ ಸಿಟ್ಟು ಬಂದಿತ್ತು. ಏನೋ ಕಟುವಾಗಿ ಅನ್ನಲು ಬಾಯಿ ತೆರೆದವಳು ಅತ್ತಿಗೆಯ ಮುಖ ನೋಡಿ ತಡೆದಳು. ಆ ಮುಖದಲ್ಲಿ ಕಳ್ಳತನವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಬಸ್ಸು ತಪ್ಪಿದ ಮೇಲೂ ನಿಲ್ದಾಣದಲ್ಲೇ ನಿಂತವರ ಮುಖದ ಹಾಗಿತ್ತು. ನಾದಿನಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು.

“ನೀವು ಅತ್ತುಬಿಡಿ ಅತ್ತಿಗೆ. ನಂಗೆ ನಿಮ್ಮನ್ನ ನೋಡೋಕಾಗ್ತಿಲ್ಲ.”

“ಬರ್ತಿಲ್ಲ ಕಣೇ. ನಾನೇನ್ಮಾಡ್ಲಿ?” ಎಂದಳು. ಆಮೇಲೆ, “ಕುಳ್ಳಣ್ಣನ್ನ ಕಳಿಸೋಣ. ಪಾಪ, ಅಜ್ಜಿ ಎಷ್ಟು ದಿನ ಅಂತ ಮೇಲೇ ಇರ್ತಾರೆ” ಎಂದು ಮತ್ತೆ ಚಾಕು ಎತ್ತಿಕೊಂಡಳು.

ಮರುದಿನ ನಾದಿನಿ ತನ್ನ ಕ್ಲಾಸ್ ಬಿಟ್ಟು ಬಂದು ಅತ್ತಿಗೆಯ ಪಕ್ಕದಲ್ಲೇ, ಪರದೆಗೆ ಕಾಣದಂತೆ, ಕುರ್ಚಿ ಹಾಕಿಕೊಂಡು ಕೂತಳು. ಚೀಟಿ ಅಕ್ಕ ಸುತ್ತುಬಳಸಿ ಮಾತಾಡಲಿಲ್ಲ. ನನ್ನ ಗಂಡ ಸತ್ತುಹೋಗಿದ್ದಾರೆ, ನಾನು ನಿಮಗೆ ಸುಳ್ಳು ಹೇಳಿದೆ, ಕಥೆಗಳು ಮಾತ್ರ ನಿಜ ಎಂದು ಮೂರೇ ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು.

ಪಟಪಟ ಪರದೆಯ ಹತ್ತಿರಕ್ಕೆ ಮುಖ ತಂದ. ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಛಾವಣಿಯ ಕಡೆಯಿಂದ ದನಿ ಬಂತು.

“ಮಿಸ್, ಟುಡೇ ಈಸ್ ಮೈ ಟರ್ನ್.”

ಹೌದು, ಆ ದಿನ ಪ್ರಶ್ನೆ ಕೇಳುವ ಸರದಿ ಅವಳದೇ.

“ಆಸ್ಕ್” ಎಂದಳು ಚೀಟಿ ಅಕ್ಕ.

ಯಾವಾಗ ಸತ್ತರು? ಬೆಳಿಗ್ಗೆ. ಏನು ಮಾಡುತ್ತಿದ್ದರು? ಶೂ ಹಾಕಿಕೊಳ್ಳುತ್ತಿದ್ದರು. ಎರಡೂ ಹಾಕಿಕೊಂಡಿದ್ದರಾ? ಇಲ್ಲ, ಒಂದೇ. ಆ ಹುಡುಗಿ ವಾಕ್ಯ ಕಟ್ಟಿಕೊಳ್ಳಲು ತಿಣುಕುತ್ತಿದ್ದಳು. ‘ಡಿಡ್’ ಬಂದಮೇಲೆ ಕ್ರಿಯಾಪದ ಹೇಗಿರಬೇಕೆಂದು ತೊದಲಿ, ತಿದ್ದಿಕೊಂಡು ಮತ್ತೆ ಕೇಳುತ್ತಿದ್ದಳು. ಅವಳ ಪ್ರಶ್ನೆಯಲ್ಲಿ ಕನಿಕರವಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು. ಅಷ್ಟು ಜನ ಮನೆಗೆ ಬಂದುಹೋಗಿದ್ದರು, ಶೂ ಎರಡಿತ್ತೋ ಒಂದಿತ್ತೋ ಎಂದು ಯಾರೂ ಕೇಳಿರಲಿಲ್ಲ.

“ಡಿಡ್ ಯು ಕ್ರೈ, ಮಿಸ್?”

“ನೋ.”

“ವೈ?”

“ಐ ಡೋಂಟ್ ನೋ.”

“ಓಕೆ ಮಿಸ್” ಎಂದಳು ಛಾವಣಿ. “ಐದಾಯ್ತು.”

ಯೆಸ್ ಮಿಸ್ ಕೈ ಎತ್ತಿದ. ಅವನ ಪ್ರಶ್ನೆ ಕನ್ನಡದಲ್ಲಿತ್ತು. “ಮಿಸ್, ಹಾಗಾದ್ರೆ ಬೀರು ಕಥೆ ಇನ್ನೊಂದ್ಸಲ ಹೇಳ್ತೀರಾ? ಆಗಿದ್ದು ಅಂತಲೇ ಹೇಳಿ.” ಅವಳು ಹೇಳಿದಳು. ಪ್ರತಿ ವಾಕ್ಯವನ್ನೂ ಆಗಿಹೋದದ್ದಾಗಿ ಹೇಳಬೇಕಾದ್ದರಿಂದ ಈ ಸಲ ನಿಧಾನವಾಯಿತು. ಮಕ್ಕಳು ಮುದುಕಿ ಕಿರುಚುವ ಜಾಗದಲ್ಲಿ ಮತ್ತೆ ನಕ್ಕರು. ನಾದಿನಿ ಎದ್ದು ಒಳಗೆ ಹೋದಳು.

ಆ ಭಾನುವಾರ ಕುಳ್ಳಣ್ಣನ ಜೊತೆ ಚೀಟಿ ಅಕ್ಕನೂ ಆ ಬಿಲ್ಡಿಂಗಿಗೆ ಹೋದಳು. ಗಂಡನ ಟಾರ್ಚನ್ನು ಹಿಡಿದುಕೊಂಡು, ಕುಳ್ಳಣ್ಣ ತೋರಿಸಿದ ಕಡೆಗೆ ಬೆಳಕು ಬಿಡುತ್ತ ಮೇಲಿನ ಮೋಟಾರ್ ಕೋಣೆಯಲ್ಲಿ ನಿಂತಳು. ಗ್ರೀಸಿನ ವಾಸನೆ ಇತ್ತು. ದಿನಾ ಸಂಜೆ ಮನೆಗೆ ಬರುತ್ತಿದ್ದ ವಾಸನೆ. ಅವಳು ಉಸಿರೆಳೆದುಕೊಂಡಳು, ಏನಾದರೂ ಆಗುತ್ತದೇನೋ ಎಂದು ಕಾದಳು. ಏನೂ ಆಗಲಿಲ್ಲ. “ಬೆಳಕು ಈ ಕಡೆ ಅಕ್ಕಾ” ಎಂದ ಕುಳ್ಳಣ್ಣ.

ಮಧ್ಯಾಹ್ನದ ಹೊತ್ತಿಗೆ ಲಿಫ್ಟ್ ಗುರ್ ಎಂದು ಕದಲಿತು. ಅಜ್ಜಿ ಇಸ್ತ್ರಿ ಮಾಡಿದ ಸೀರೆ ಉಟ್ಟು ತಯಾರಾಗಿ ಬಾಗಿಲಲ್ಲೇ ನಿಂತಿದ್ದರು. ಮೊಮ್ಮಗಳು, ಮೊದಲ ಸಲ ಎದುರಿಗೆ ಕಂಡ ಪುಟ್ಟ ಮುಖದ ಹುಡುಗಿ, ಮುಂದಿನ ಎರಡು ಹಲ್ಲಿಲ್ಲದವಳು, ಮಿಸ್‌ನ ಬೆರಳು ಹಿಡಿದುಕೊಂಡಳು. ನಾಲ್ವರೂ ಕೆಳಗಿಳಿದರು. ಅಜ್ಜಿ ಗೇಟಿನವರೆಗೆ ನಡೆದು ರಸ್ತೆ ನೋಡಿ, “ಅಂಗಡಿ ಬಣ್ಣ ಬದಲಾಗಿದೆ ನೋಡೇ” ಎಂದರು.

ರಜೆ ಮುಗಿಯಿತು. ನಾದಿನಿ ಚೀಲ ತುಂಬಿಕೊಂಡು ಗಂಡನ ಮನೆಗೆ ಹೊರಟಳು, ಲ್ಯಾಪ್‌ಟಾಪ್ ಇಲ್ಲೇ ಇರಲಿ ಎಂದಳು. ಛಾವಣಿಯ ಇಂಗ್ಲಿಷ್ ಎಷ್ಟು ಸುಧಾರಿಸಿದೆ ಎಂದು ಶಾಲೆಯಲ್ಲಿ ಎಲ್ಲರಿಗೂ ಆಶ್ಚರ್ಯವಂತೆ. ಕಂಡಕಂಡವರಿಗೆ ಐದೈದು ಪ್ರಶ್ನೆ ಕೇಳುತ್ತಾಳೆ ಎಂದು ಟೀಚರುಗಳು ಅವಳನ್ನು ಕಂಡರೆ ದಾರಿ ಬದಲಿಸುತ್ತಾರಂತೆ.

ಚೀಟಿ ಅಕ್ಕ ಆಸ್ಪತ್ರೆಗೆ ಮರಳಿದಳು. ಮೊದಲ ದಿನವೇ ಹಳೆಯ ರೋಗಿ, ಒಬ್ಬ ಟೈಲರ್, ಕಣ್ಣಿಗೆ ಹನಿ ಹಾಕಿಸಿಕೊಂಡು ಬೆಂಚಿನ ತುದಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ.

“ದನಿ ಗುರುತು ಸಿಕ್ತು, ಚೀಟಿ ಅಕ್ಕ ಅಲ್ವಾ? ಎಲ್ಲಿ ಹೋಗಿದ್ರಿ ಇಷ್ಟು ದಿನ? ಯಜಮಾನ್ರು ಹೇಗಿದ್ದಾರೆ?”

“ಹೋಗ್ಬಿಟ್ರು” ಎಂದಳು.

“ಎಲ್ಲಿಗೆ?”

ಅವನಿಗೆ ಏನೂ ಕಾಣುತ್ತಿರಲಿಲ್ಲ. ಮುಖ ನೋಡಿ ಅರ್ಥ ಮಾಡಿಕೊಳ್ಳಲಿ ಎಂದು ಬಿಡುವಂತಿರಲಿಲ್ಲ. “ತೀರಿಕೊಂಡ್ರು ಅಣ್ಣಾ. ಶೂ ಹಾಕ್ಕೊಳ್ತಾ ಇದ್ರು, ಹಾಗೇ ಹೋಗ್ಬಿಟ್ರು” ಎಂದಳು. ಕನ್ನಡದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಕೊನೆಯ ಪದದ ಹೊತ್ತಿಗೆ ದನಿ ಒಡೆಯಿತು.

ಟೈಲರ್ ಅವಳ ಕೈ ಹಿಡಿಯಲೆಂದು ಗಾಳಿಯಲ್ಲಿ ತಡಕಾಡಿದ. ಸಿಕ್ಕಿದ್ದು ಪಕ್ಕದಲ್ಲಿ ಕೂತವನ ಮೊಣಕೈ. ಅದನ್ನೇ ಗಟ್ಟಿಯಾಗಿ ಹಿಡಿದು, “ಅಯ್ಯೋ ತಂಗೀ” ಎಂದ. ಪಕ್ಕದವನೂ ಕಣ್ಣು ಮುಚ್ಚಿಕೊಂಡಿದ್ದ. ಯಾರೆಂದು ಕೇಳದೆ ಆ ಕೈಯ ಮೇಲೆ ತನ್ನ ಕೈ ಇಟ್ಟ. ಚೀಟಿ ಅಕ್ಕ ಮೇಜಿಗೆ ಮರಳಿ ಒಂದು ಲೋಟ ನೀರು ಕುಡಿದಳು. ಬಾಗಿಲಲ್ಲಿ ಮೂವರು ಚೀಟಿಗೆ ಕಾಯುತ್ತಿದ್ದರು.