ತಮ್ಮನ ಕಲ್ಲಿನ ಮೇಲೆ ಇಗ್ವಾನಾ

ಹಲ್ಲಿ ಕಂಡರೆ ನನಗೆ ಚಿಕ್ಕಂದಿನಿಂದಲೂ ಮೈ ಜುಮ್ಮೆನ್ನುತ್ತದೆ. ಗೋಡೆಯ ಮೇಲೆ ಒಂದು ಹರಿದಾಡಿದರೂ ಊಟದ ತಾಟು ಬಿಟ್ಟು ಏಳುವವಳು ನಾನು. ಅಂಥ ನನ್ನ ಪಾಲಿಗೆ ತಮ್ಮ ಬಿಟ್ಟು ಹೋದದ್ದು ಮೊಳದುದ್ದದ ಒಂದು ಇಗ್ವಾನಾ, ಹೊರದೇಶದ ದೊಡ್ಡ ಹಲ್ಲಿ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ನಾನು ಮಾಡಿದೆ, ಬಾಯಿತುಂಬ ಬೈದೆ ಕೂಡ.

ತಮ್ಮ ಜಹೀರಾಬಾದಿನಲ್ಲಿ ಕೋಣೆ ಹಿಡಿದು ಒಂದು ಕಾರ್ಖಾನೆಗೆ ಹೋಗುತ್ತಿದ್ದ. ದೀಪಾವಳಿಗೆಂದು ಕನ್ನಡದ ಗಡಿಯಾಚೆಗಿನ ನಮ್ಮೂರು ನಾರಾಯಣಖೇಡಕ್ಕೆ ಬಂದವನು ತಿರುಗಿ ಹೋಗುವಾಗ ಅವನ ಬೈಕಿಗೆ ಲಾರಿ ಬಡಿಯಿತು. ಊರ ಹೊರಗಿನ ನಮ್ಮ ಹೊಲದಲ್ಲಿ, ತೊಗರಿ ಸಾಲುಗಳ ಪಕ್ಕ, ಅವನನ್ನು ಮಣ್ಣು ಮಾಡಿದೆವು. ಆ ಮೂಲೆಯಲ್ಲೇ ಟ್ರ್ಯಾಕ್ಟರ್ ತಿರುಗುತ್ತದೆ ಎಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಇನ್ನು ಮನೆಯಲ್ಲಿ ಉಳಿದವರು ಅವ್ವ ಮತ್ತು ಶಾಲೆಗೆ ಹೋಗಿ ಪಾಠ ಹೇಳುವ ನಾನು, ಇಬ್ಬರೇ.

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದ ಮೇಲೆ ಅವನ ಕೋಣೆ ಖಾಲಿ ಮಾಡಲು ಹೋದೆ. ಬೀಗ ತೆಗೆದರೆ ಗಬ್ಬು ವಾಸನೆ. ಮಂಚದ ಪಕ್ಕ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಒಣಗಿದ ಎಲೆಗಳು, ತಳದಲ್ಲಿ ಪಾಚಿ ಹಿಡಿದ ನೀರಿನ ಬಟ್ಟಲು. ಬಟ್ಟಲಿನ ಹಿಂದೆ ಅದು ಬಿದ್ದಿತ್ತು. ಸತ್ತಿದೆ ಎಂದುಕೊಂಡೆ. ಕಣ್ಣು ಬಿಟ್ಟಿತು. ಬಾಲದ ಬುಡದಲ್ಲಿ ಎಲುಬು ಎದ್ದು ಕಾಣುತ್ತಿತ್ತು, ತೊಡೆಗಳು ಕಡ್ಡಿಯಾಗಿದ್ದವು, ಚರ್ಮ ಯಾರದೋ ದೊಡ್ಡ ಅಂಗಿ ತೊಟ್ಟಂತೆ ಜೋಲುತ್ತಿತ್ತು. ಅವನು ಇಂಥದ್ದೊಂದನ್ನು ಸಾಕಿದ್ದಾನೆಂದು ನಮಗೆ ಒಂದು ಮಾತೂ ಹೇಳಿರಲಿಲ್ಲ. ನನಗೆ ಹೇಳಿದ್ದರೆ ಎಸೆದು ಬಾ ಅನ್ನುತ್ತಿದ್ದೆ, ಅದು ಅವನಿಗೆ ಗೊತ್ತಿತ್ತು.

ಈಗ ಎಸೆಯಲು ನನಗೇ ಮನಸ್ಸಾಗದೆ, ಅವನ ಹಾಸಿಗೆ ಪಾತ್ರೆಗಳ ಜೊತೆ ಅದನ್ನೂ ಪೆಟ್ಟಿಗೆ ಸಮೇತ ಟೆಂಪೋದಲ್ಲಿ ತಂದೆ. ಪಕ್ಕದ ಮನೆಯವರು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ಇದು ಉಡ ಅದ ಅಕ್ಕೋರ! ಮನ್ಯಾಗ ಇಟ್ಟುಕೊಂಡ್ರ ಜೈಲಿಗೆ ಹಾಕ್ತಾರ."

"ಹಾಕ್ಲಿ ಬಿಡ್ರಿ. ಅಲ್ಲಾದರೂ ಯಾರೂ ಸಮಾಧಾನ ಹೇಳಾಕ ಬರಂಗಿಲ್ಲ," ಎಂದೆ.

ಅವ್ವ ಮಾತ್ರ ಹೆದರಲಿಲ್ಲ. ಅಷ್ಟು ದಿನ ಗೋಡೆಗೆ ಆತು ಕೂತಿದ್ದವಳು ಎದ್ದು ಬಂದು ಪೆಟ್ಟಿಗೆಯಲ್ಲಿ ಕೈ ಹಾಕಿದಳು. "ಏನು ಬಡಕಲಾಗ್ಯದ ನೋಡವ್ವ. ಅವನಂಗೇ." ತಮ್ಮ ಊರಿಗೆ ಬಂದಾಗಲೆಲ್ಲ ಅವಳ ಮೊದಲ ಮಾತು ಅದೇ, ಬಡಕಲಾಗ್ಯಾನ. ಹೋಗುವವರೆಗೂ ಅವನ ತಾಟಿಗೆ ಬಡಿಸುತ್ತಲೇ ಇರುತ್ತಿದ್ದಳು.

ನಮ್ಮ ಕಡೆ ಯಾರಾದರೂ ತೆಳ್ಳಗಾದರೆ ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎನ್ನುತ್ತಾರೆ. ಬಿಸಿಲ ನಾಡಿನವರು ನಾವು, ತಂಪು ಮಾಡುವುದೇ ನಮ್ಮ ಅಂತಃಕರಣ. ಅವ್ವ ಅದನ್ನು ಮನೆಯಲ್ಲೇ ಅತಿ ತಣ್ಣಗಿನ ಜಾಗದಲ್ಲಿ, ನೀರಿನ ಕೊಡದ ಬುಡದಲ್ಲಿ, ಬರಿ ಫರಸಿಕಲ್ಲಿನ ನೆಲದ ಮೇಲೆ ಮಲಗಿಸಿದಳು. ಮೈಮೇಲೆ ಹಸಿ ಬಟ್ಟೆ. ಬೆಳಿಗ್ಗೆ ಮಜ್ಜಿಗೆ, ಮಧ್ಯಾಹ್ನ ತೊಗರಿಬೇಳೆ ಬೇಯಿಸಿದ ಕಟ್ಟಿನಲ್ಲಿ ತುಪ್ಪ ಹಾಕಿ, ಮೆತ್ತಗಿನ ಅನ್ನ ಕಿವುಚಿ, ಬಾಯಿ ಬಿಡಿಸಿ ಚಮಚದಿಂದ ಹುಯ್ಯುವುದು. ಹೊರಗೆ ಹಲ್ಲು ಕಡಿಯುವ ಚಳಿ ಶುರುವಾಗಿತ್ತು. ಕೆಲವೇ ದಿನಗಳಲ್ಲಿ ಹೊಟ್ಟೆ ದುಂಡಗಾಯಿತು. ಅವ್ವನಿಗೆ ಎಷ್ಟು ಹಿಗ್ಗೆಂದರೆ, ಅವಳೂ ಆ ದಿನ ಅರ್ಧ ರೊಟ್ಟಿ ತಿಂದಳು. "ಹೊಟ್ಟಿ ಬಂತು ನೋಡು. ಇನ್ನ ಉಳಿತದ."

ಮರುದಿನ ಅದು ಹುಳಿನಾತದ ನೊರೆ ಕಕ್ಕಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಮುಟ್ಟಿದರೂ ಕಣ್ಣು ತೆರೆಯಲಿಲ್ಲ. ಅವ್ವ ಅತ್ತದ್ದು ಆಗಲೇ. ತಮ್ಮನನ್ನು ಮಣ್ಣು ಮಾಡಿದ ದಿನ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. "ಇದನ್ನೂ ನಾನೇ ಕೊಂದೆ ಏನವ್ವ," ಎಂದಳು. ಇದನ್ನೂ ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. ದೀಪಾವಳಿಯ ದಿನ ಇನ್ನೊಂದು ಹೋಳಿಗೆ ತಿಂದು ಹೋಗು ಎಂದು ಅವಳು ಅವನನ್ನು ಅರ್ಧ ತಾಸು ಕೂಡಿಸಿಕೊಂಡಿದ್ದಳು. ಅರ್ಧ ತಾಸು ಮೊದಲು ಹೊರಟಿದ್ದರೆ ಆ ಲಾರಿ ಸಿಗುತ್ತಿರಲಿಲ್ಲ ಎಂಬ ಲೆಕ್ಕ ಅವಳ ತಲೆಯಲ್ಲಿ ಕೂತಿತ್ತು. ಆಗ ನನಗೆ ಗೊತ್ತಾಯಿತು, ಈ ದರಿದ್ರ ಹಲ್ಲಿ ಸತ್ತರೆ ಅವ್ವನೂ ಎದ್ದೇಳುವುದಿಲ್ಲ.

ಅದನ್ನು ಒಯ್ದು ತೋರಿಸಿದ ಜಹೀರಾಬಾದಿನ ಪಶುವೈದ್ಯರು ಎಮ್ಮೆ ಆಕಳು ನೋಡುವವರು. ಅದನ್ನು ಹೊರಳಿಸಿ ನೋಡಿದರು. ಆಮೇಲೆ ಹೈದರಾಬಾದಿನ ಗೆಳೆಯರೊಬ್ಬರಿಗೆ ಫೋನು ಹಚ್ಚಿ ಬಹಳ ಹೊತ್ತು ಮಾತಾಡಿದರು.

"ಇದು ಉಡ ಅಲ್ರಿ, ಹೊರದೇಶದ ಇಗ್ವಾನಾ. ಬರೇ ಎಲಿ ತಿಂತದ. ಬ್ಯಾಳಿ, ಮಜ್ಜಿಗಿ ಇದಕ್ಕ ವಿಷ ಇದ್ದಂಗ. ಇನ್ನೊಂದು ಅಂದ್ರ, ಇದರ ಮೈಯಾಗ ತನ್ನ ಕಾವು ಇರಂಗಿಲ್ಲ, ಹೊರಗಿಂದ ತಗೋಬೇಕು. ಕಾವು ಇಲ್ಲದ ತಿಂದಿದ್ದು ಹೊಟ್ಟ್ಯಾಗೇ ಕೊಳಿತದ. ನೀವು ತೂಕ ಅಂದ್ಕೊಂಡಿದ್ದು ಅದೇ ಅದ ಅಕ್ಕೋರ."

ಮೊದಲು ನೀರು, ಆಮೇಲೆ ಬಿಸಿಲು, ಕೊನೆಗೆ ಆಹಾರ ಎಂದರು. ಉಗುರುಬೆಚ್ಚನೆ ನೀರಿನಲ್ಲಿ ಕೂಡಿಸಬೇಕು. ಎಳೆ ಬಿಸಿಲು ಕಾಯಿಸಬೇಕು. ಮೈ ಬೆಚ್ಚಗಾದ ಮೇಲೆ ದಾಸವಾಳದ ಎಲೆ, ನುಗ್ಗೆಸೊಪ್ಪು, ತುರಿದ ಕುಂಬಳಕಾಯಿ, ಮೇಲೆ ಚಿಟಿಕೆ ಸುಣ್ಣದಂಶದ ಪುಡಿ, ಅದೂ ಬೆರಳ ತುದಿಯಷ್ಟು. ಬಾಯಿ ಬಿಡಿಸಿ ತುರುಕಬಾರದು. ಉಪವಾಸ ಬಿದ್ದ ಜೀವಕ್ಕೆ ಒಮ್ಮೆಲೆ ತುಂಬಿದರೆ ಅದರಿಂದಲೇ ಸಾಯುತ್ತದೆ. "ತೂಕ ಜಲ್ದಿ ಏರಿದ್ರ ಖುಷಿ ಪಡಬ್ಯಾಡ್ರಿ. ಹೇಲ್ತದೋ ಇಲ್ಲೋ ಅದನ್ನ ನೋಡ್ರಿ. ಹೇತ್ರ ಬದುಕಿತು ಅಂತ ತಿಳೀರಿ. ಮತ್ತ ಜಾಗಾ ಬದಲಿ ಮಾಡಬ್ಯಾಡ್ರಿ, ಉಣ್ಣೋದು ಬಿಡ್ತದ."

ಎಲೆ ತಿನ್ನುತ್ತದೆಂದು ತಿಳಿದು ಅವ್ವ ಕಣ್ಣೊರೆಸಿಕೊಂಡಳು. "ಹಂಗಾದ್ರ ನಮ್ಮ ಮಂದೀನೇ ಅದ." ಆದರೆ ಕಡಿಮೆ ಹಾಕು ಎಂಬುದು ಅವಳಿಗೆ ಒಗ್ಗಲಿಲ್ಲ. ಒಂದೇ ಎಲೆ ಕತ್ತರಿಸಿ ಇಟ್ಟು ಕೈ ಕಟ್ಟಿ ಕೂತಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅದು ಆ ಎಲೆಯನ್ನೂ ಮೂಸುತ್ತಿರಲಿಲ್ಲ. ಬೆಳಗಿನ ಬಿಸಿಲಲ್ಲಿ ಬುಟ್ಟಿಯಡಿ ಇಟ್ಟರೆ ಇಟ್ಟಲ್ಲೇ ಬಿದ್ದಿರುತ್ತಿತ್ತು. ಎದುರಿನ ಕಿರಾಣಿ ಅಂಗಡಿಯ ಕಾಟಾದ ಮೇಲೆ ವಾರಕ್ಕೊಮ್ಮೆ ತೂಗಿಸಿಕೊಂಡು ಬರುತ್ತಿದ್ದೆ, ಇಳಿಯುತ್ತಲೇ ಇತ್ತು.

ಈ ನಡುವೆ ಅವ್ವನದು ಇನ್ನೊಂದು ಹಟ. ತೊಗರಿ ಕೊಯ್ದು ರಾಶಿ ಶುರುವಾಗಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುವ ಮೊದಲು ತಮ್ಮನ ಮೇಲೆ ಕಲ್ಲು ಬೀಳಬೇಕು. "ನನ್ನ ಮಗನ ಎದಿ ಮ್ಯಾಲ ಗಾಲಿ ಹಾಯಬಾರದು," ಎಂದು ದಿನಾ ಒಂದೇ ಸಮ. ತಾಂಡೂರಿಗೆ ಹೋಗಿ ದಪ್ಪನೆಯ ನೀಲಿ ಫರಸಿ ಆರಿಸಿದೆ. ಪಾಲಿಶ್ ಹೊಡೆಯಲೇ ಎಂದು ಕೇಳಿದವರಿಗೆ, "ಅವ ಏನು ಅದರ ಮ್ಯಾಲ ಮಾರಿ ನೋಡ್ಕೋತಾನೇನ್ರಿ," ಎಂದು ರೇಗಿದೆ. ಕನ್ನಡದಲ್ಲಿ ಹೆಸರು ಕೆತ್ತಿಸಿದೆ. ಕಲ್ಲು ಬಂದು ನಮ್ಮ ಅಂಗಳದಲ್ಲಿ ನಾಲ್ಕು ಇಟ್ಟಿಗೆಗಳ ಮೇಲೆ ಕೂತು, ಗೋರಿಯ ಮೇಲೆ ಹಾಸುವ ಒಳ್ಳೆಯ ದಿನಕ್ಕಾಗಿ ಕಾಯತೊಡಗಿತು.

ಒಂದು ಬೆಳಿಗ್ಗೆ ಬುಟ್ಟಿ ತೊಳೆಯಲೆಂದು ಅವ್ವ ಇಗ್ವಾನಾವನ್ನು ಎತ್ತಿ ಆ ಕಲ್ಲಿನ ಮೇಲಿಟ್ಟಳು. ಕಲ್ಲು ಆಗಲೇ ಬಿಸಿಲು ಕುಡಿದು ಬೆಚ್ಚಗಾಗಿತ್ತು. ಅದು ನಾಲ್ಕೂ ಕಾಲು ಚಾಚಿ, ಗದ್ದ ಊರಿ, ರೊಟ್ಟಿ ಬಡಿದಂತೆ ಚಪ್ಪಟೆಯಾಗಿ ಅಂಟಿಕೊಂಡಿತು. ನೋಡನೋಡುತ್ತ ಕುತ್ತಿಗೆಯ ಬಳಿ ಹಸಿರು ಬಂತು. ಅವ್ವ ದಾಸವಾಳದ ಎಲೆ ಮುಂದಿಟ್ಟಳು. ಕಚ್ಚಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ಶಾಲೆಯಿಂದ ಬಂದಾಗ ಕಲ್ಲಿನ ಮೇಲೆ ಹಿಕ್ಕೆ. ಸರಿಯಾಗಿ ಹೆಸರಿನ ಮೇಲೆ, ಅಕ್ಷರಗಳ ಗುಳಿಯಲ್ಲಿ. ನನಗೆ ಸಿಟ್ಟು ನೆತ್ತಿಗೇರಿತು. "ಥೂ, ಇದರ ಮನಿ ಹಾಳಾಗ! ಎತ್ತಿ ಒಗೀತೀನಿ," ಎಂದು ಕೈಯೆತ್ತಿದೆ.

ಅವ್ವ ಅಡ್ಡ ಬಂದಳು. "ಏ, ಸುಮ್ನಿರು. ಹೇತದ ಅಂದ್ರ ಬದುಕ್ಯದ. ಡಾಕ್ಟರೇ ಹೇಳ್ಯಾರ." ಚೊಂಬಿನಲ್ಲಿ ನೀರು ತಂದು, ಬೇವಿನ ಕಡ್ಡಿಯಿಂದ ಒಂದೊಂದೇ ಅಕ್ಷರ ಕೆದರಿ ತೊಳೆದಳು. ಅವಳಿಗೆ ಓದಲು ಬರುವುದಿಲ್ಲ. "ಇದು ಯಾವ ಅಕ್ಷರವ್ವ?" ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ಅಂದಿನಿಂದ ಅದು ನಿತ್ಯದ ಕೆಲಸವಾಯಿತು. ಮಗನ ಹೆಸರನ್ನು ಓದಲು ಅವಳು ಕಲಿತದ್ದು ಹೀಗೆ. ನಾನು ಒಳಗೆ ಹೋಗಿ ಅತ್ತೆ.

ಕಾಟಾದ ಮುಳ್ಳು ಮೆಲ್ಲಗೆ ಏರತೊಡಗಿತು. ಬಾಲದ ಬುಡ ಕೊಂಚ ತುಂಬಿತು. ಅವ್ವ ಕೋಲು ಹಿಡಿದು ಹದ್ದು ಬೆಕ್ಕು ಕಾಯುತ್ತ ಅಲ್ಲೇ ಕೂಡುತ್ತಿದ್ದಳು, ಅಲ್ಲೇ ತಾನೂ ರೊಟ್ಟಿ ತಿನ್ನುತ್ತಿದ್ದಳು.

ರಾಶಿಯ ದಿನ ಬಂತು. ಪಾಲಿಗೆ ನಮ್ಮ ಹೊಲ ಮಾಡುವವರು, ನಾಳೆ ಟ್ರ್ಯಾಕ್ಟರ್ ಇಳಿಯುತ್ತದೆಂದು ಹೇಳಿ ಕಳಿಸಿದರು. ಇದನ್ನು ನೆನೆದು ನಾನು ಮೊದಲೇ ಇನ್ನೊಂದು ಫರಸಿ ತುಂಡು ತಂದು ಪಕ್ಕದಲ್ಲಿ ಹಾಕಿ ಇಗ್ವಾನಾವನ್ನು ಅದರ ಮೇಲಿಟ್ಟು ನೋಡಿದ್ದೆ. ಎರಡು ದಿನ ಬಕೆಟ್ಟಿನ ಹಿಂದೆ ಹೋಗಿ ಕೂತು ಮತ್ತೆ ಮಣ್ಣಿನ ಬಣ್ಣವಾಯಿತು, ಎಲೆ ಮುಟ್ಟಲಿಲ್ಲ. ತಮ್ಮನಿಗೇ ಬೇರೆ ಕಲ್ಲು ತರುತ್ತೇನೆಂದರೆ ಅವ್ವ ಕಿವಿ ಮುಚ್ಚಿಕೊಂಡಳು. "ಶಿವಶಿವಾ! ಒಬ್ಬನ ಹೆಸರಿಗೆ ಎರಡು ಕಲ್ಲು ಕೆತ್ತಸ್ತಾರೇನು? ಎರಡನೇದು ಯಾರಿಗಂತ?"

ಬೆಳಿಗ್ಗೆ ಟೆಂಪೋ ಬಂತು. ಹಮಾಲರು ಕಲ್ಲಿನ ಎರಡೂ ಬದಿಗೆ ನಿಂತರು. ಇಗ್ವಾನಾ ಹೆಸರಿನ ಮೇಲೆ ಮಲಗಿ ಕುಂಬಳದ ತುರಿ ತಿನ್ನುತ್ತಿತ್ತು. ಅವ್ವ ಅದನ್ನೇ ನೋಡುತ್ತ ನಿಂತಳು. ಆಮೇಲೆ ಹಮಾಲರಿಗೆ, "ನೀವು ಹೋಗ್ರಪ್ಪ," ಎಂದಳು.

"ಅವ್ವಾ, ಟ್ರ್ಯಾಕ್ಟರ್," ಎಂದೆ.

"ಗೊತ್ತದ." ಕುಂಬಳದ ತುರಿಯನ್ನು ಅದರ ಬಾಯಿಯ ಬಳಿ ಸರಿಸಿದಳು. "ಅವ ಇನ್ನ ತೂಕ ಏರಾಂವ ಅಲ್ಲ. ಇದು ಏರಾಕತ್ತದ. ಕಲ್ಲು ಇಲ್ಲೇ ಇರ್ಲಿ."

ನಾನೊಬ್ಬಳೇ ಹೊಲಕ್ಕೆ ಹೋದೆ. ಮಣ್ಣಿನ ದಿಬ್ಬದ ಸುತ್ತ ಜಾಲಿ ಮುಳ್ಳು ಒಟ್ಟಿ, ಟ್ರ್ಯಾಕ್ಟರಿನವರಿಗೆ ಕೈ ಮುಗಿದು ಬಂದೆ. ಪಾಪ, ಅವರು ಕೈಲಾದಷ್ಟು ತಪ್ಪಿಸಿದರು. ಆದರೂ ತಿರುವಿನಲ್ಲಿ ಗಾಲಿ ಒಂದು ಬದಿಯನ್ನು ಕೆರೆದುಕೊಂಡು ಹೋಯಿತು. ಉಳಿದದ್ದನ್ನು ಮಳೆಗಾಲ ಸಪಾಟು ಮಾಡಿತು.

ಇಗ್ವಾನಾವನ್ನು ಈಗ ಒಂದೇ ಕೈಯಲ್ಲಿ ಎತ್ತಲು ನನಗಾಗುವುದಿಲ್ಲ. ಹೌದು, ನಾನೂ ಎತ್ತುತ್ತೇನೆ. ಅವ್ವ ಈಗಲೂ ಬೆಳಿಗ್ಗೆ ಅಕ್ಷರಗಳನ್ನು ತೊಳೆಯುತ್ತಾಳೆ. ಅಮಾವಾಸ್ಯೆಗೆ ಇಬ್ಬರೂ ಕಾಯಿ, ಊದುಬತ್ತಿ ತೆಗೆದುಕೊಂಡು ಹೊಲಕ್ಕೆ ಹೋಗುತ್ತೇವೆ. ಅವಳು ಒಂದು ಕಡೆ ನಿಂತು, "ಇಲ್ಲೇ ಅಲ್ಲೇನವ್ವ?" ಎಂದು ಕೇಳುತ್ತಾಳೆ. ನನಗೂ ಸರಿಯಾಗಿ ಗೊತ್ತಿಲ್ಲ. ಹೂಂ ಇಲ್ಲೇ ಎನ್ನುತ್ತೇನೆ.