ನನ್ನ ಮಗಳ ಅವ್ವ ತೀರಿಕೊಂಡ ದಿನ

ಮಗುವಿನ ಸರಿಗೆಂದು ರಾಗಿಹಿಟ್ಟನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದೆ. ಹಿಟ್ಟು ತಟ್ಟೆಗೆ ಬೀಳುತ್ತಿತ್ತು, ತೌಡು ಬಟ್ಟೆಯಲ್ಲೇ ಉಳಿಯುತ್ತಿತ್ತು. ಮನೆ ಮಾಲೀಕರ ಕಡೆಯ ಪಿಳ್ಳಪ್ಪ ಬಾಗಿಲಿಗೆ ಬಂದು ತಲೆವಸ್ತ್ರ ತೆಗೆದ.

"ನಿನ್ ಮಗಳ ಅವ್ವ ಹೋಗ್ಬುಟ್ಳು ಕಣಮ್ಮ. ಮಗೀನ ಎತ್ಕೊಂಡ್ ಬರ್ಬೇಕಂತೆ."

ಹೆತ್ತವಳು ನಾನು, ಎದುರಿಗೇ ಕೂತಿದ್ದೇನೆ. ಆದರೂ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಊರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು.

ನಮ್ಮವರಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ನಂಜನಗೂಡು ಬಿಟ್ಟದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಬಾಗಲೂರು ರಸ್ತೆಯ ಕಡೆ, ಹೊಲದಂಚಿಗೆ ಸಾಲಾಗಿ ಕಟ್ಟಿದ ಶೀಟಿನ ಕೋಣೆಗಳಲ್ಲಿ ಒಂದು ನಮ್ಮದು. ಊರಲ್ಲಿ ಬೆಳಗಾದರೆ ಕಪಿಲೆಯಲ್ಲಿ ಮುಳುಗಿ ನಂಜುಂಡೇಶ್ವರನಿಗೆ ಕೈಮುಗಿಯುತ್ತಿದ್ದವಳು ಇಲ್ಲಿ ಕೈಪಂಪಿನ ಮುಂದೆ ಕೊಡ ಹಿಡಿದು ನಿಂತೆ. ತಣ್ಣಿ ಎಂದರೆ ನೀರು, ತವಿಡು ಎಂದರೆ ತೌಡು ಎಂದು ಆ ಸಾಲಿನಲ್ಲೇ ಕಲಿತೆ. ಬಸ್ಸಿನ ತಮಿಳು ಬೋರ್ಡು ಓದಲು ಬರುತ್ತಿರಲಿಲ್ಲ. ಆದರೆ ಹೊಲದಾಚೆಯ ಮಾಲೀಕರ ಮನೆಯವರು ಕನ್ನಡದವರು. ತೆಲುಗು, ತಮಿಳು ಎರಡನ್ನೂ ಬೆರೆಸಿ ಆಡುತ್ತಿದ್ದರು. ದೇವರು ಅಷ್ಟು ಮಟ್ಟಿಗೆ ದಾರಿ ಬಿಟ್ಟಿದ್ದ.

ನಮ್ಮ ಮೊದಲನೆಯದು ಗಂಡು. ಬೋರಲಾಗುವ ಮೊದಲೇ ವಾಂತಿಭೇದಿ ಹತ್ತಿ, ಆಸ್ಪತ್ರೆಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದಾಗಲೇ ನನ್ನ ಮಡಿಲಲ್ಲಿ ತಣ್ಣಗಾಯಿತು. ಮಣ್ಣು ಮಾಡಲು ನಮಗಿಲ್ಲಿ ಜಾಗವೆಲ್ಲಿ? ಮಾಲೀಕರ ತಾಯಿ ಮುನಿಯಮ್ಮ ತನ್ನ ಹೊಲದ ಬದುವಿನಲ್ಲಿ ಗುಂಡಿ ತೋಡಿಸಿದಳು. ಆಮೇಲೆ ಆ ಬದುವಿಗೆ ನೇಗಿಲು ತಾಗದಂತೆ ಕಾಯ್ದಳು.

ಎರಡನೆಯದು ಹೆಣ್ಣಾಯಿತು. ಹನ್ನೊಂದನೇ ದಿನ ಮುನಿಯಮ್ಮ ಮೊರ ಹಿಡಿದು ಬಂದಳು. ಒಂದು ಕೂಸು ಕಳಕೊಂಡವರು ಮುಂದಿನದನ್ನು ಮೊರದಲ್ಲಿಟ್ಟು ಇನ್ನೊಬ್ಬಳಿಗೆ ಕೊಡುವ, ಬದಲಿಗೆ ತೌಡು ಪಡೆಯುವ ಪದ್ಧತಿ ನಮ್ಮಲ್ಲೂ ಇದೆಯೆಂದು ಕೇಳಿದ್ದೆ. ಸಾವು ಹುಡುಕಿಕೊಂಡು ಬಂದರೆ ಆ ತಾಯಿಗೆ ಮಗುವೇ ಇರಬಾರದು, ಅಷ್ಟೆ. ಮುನಿಯಮ್ಮ ನನ್ನ ಸೆರಗಿಗೆ ಬೊಗಸೆ ತೌಡು ಸುರಿದು, ಮೊರವನ್ನು ಎದೆಗೊತ್ತಿಕೊಂಡು, "ಇನ್ ಮ್ಯಾಕೆ ಇದು ನಂದು. ನೀನು ಹಾಲು ಕೊಡೋ ದಾದಿ, ತಿಳೀತಾ?" ಎಂದಳು. ನಾವಿಟ್ಟ ಹೆಸರು ಗಿರಿಜೆ. ಎಲ್ಲರ ಬಾಯಲ್ಲೂ ತೌಡಿ. ವರ್ಷ ತುಂಬಿದ ಮೇಲೆ ತೌಡು ಹಿಂದಿರುಗಿಸಿ ಮಗುವನ್ನು ಬಿಡಿಸಿಕೊಂಡು, ಊರಿಗೆ ಹೋಗಿ ಮುಡಿ ಕೊಡಿಸುವುದೆಂದು ಮಾತಾಗಿತ್ತು.

ಹೀಗಾಗಿ ಅವಳ ಒಂದೊಂದು ಏಳಿಗೆಯನ್ನೂ ನಾವು ಬಾಗಿಲು ಹಾಕಿಕೊಂಡು ಅನುಭವಿಸಿದೆವು. ಕತ್ತು ನಿಂತದ್ದು, ಅಪ್ಪನ ಕೈಯ ಎಣ್ಣೆ ವಾಸನೆಗೆ ಮೂಗು ಅರಳಿಸಿದ್ದು, ಚಮಚದ ಹೊಳಪಿನ ಹಿಂದೆ ಕಣ್ಣು ಹೊರಳಿಸಿದ್ದು. ನಮ್ಮವರು ಪಾಳಿ ಮುಗಿಸಿ ಬಂದವರು ಅಂಗಿ ಸಹ ಬಿಚ್ಚದೆ ಚಾಪೆಯ ಪಕ್ಕ ಮಲಗಿ, ಅವಳು ಹೆಬ್ಬೆರಳು ಚೀಪುವುದನ್ನು ನೋಡುತ್ತಿದ್ದರು. ಜೋರಾಗಿ ನಕ್ಕರೆ ನಾನು ಅವರ ಬಾಯಿ ಮುಚ್ಚುತ್ತಿದ್ದೆ. ಬೋರಲಾದಾಗ ದೋಸೆ ಹುಯ್ದು ಹಂಚಿದ್ದು ಮುನಿಯಮ್ಮನ ಮನೆಯಲ್ಲಿ. ನಾವು ನೆಂಟರ ಹಾಗೆ ಹೋಗಿ ತಿಂದು ಬಂದೆವು. ಇನ್ನು ಉಳಿದದ್ದು ಹೊಸಿಲು ದಾಟುವುದು. ದಾಟಿದಾಗ ಕಾಯಿ ಒಡೆಯಬೇಕು. ಅವಳು ಹೊಸಿಲವರೆಗೆ ಅಂಬೆಗಾಲಿಟ್ಟು ಹೋಗಿ, ಅರಿಶಿನವನ್ನು ನೆಕ್ಕಿ, ಹಿಂದಕ್ಕೆ ಬರುತ್ತಿದ್ದಳು.

ಈಗ ಪಿಳ್ಳಪ್ಪ ಕಾಯುತ್ತ ನಿಂತಿದ್ದ. ನಮ್ಮ ಕಡೆ ಹಸುಗೂಸನ್ನು ಸಾವಿನ ಮನೆಯ ದಿಕ್ಕಿಗೂ ಒಯ್ಯುವುದಿಲ್ಲ. ಒಯ್ಯದಿದ್ದರೆ? ಹೆತ್ತ ತಾಯಿ ನಾನೇ, ತೌಡು ಬರಿಯ ಆಟ ಎಂದು ಸಾವಿನ ಮುಂದೆ ನಾನೇ ಒಪ್ಪಿಕೊಂಡ ಹಾಗೆ. ಅವಳ ವರ್ಷ ಇನ್ನೂ ತುಂಬಿರಲಿಲ್ಲ. ನಮ್ಮವರು ಪಾಳಿಯಲ್ಲಿದ್ದರು, ಕೇಳಲು ಯಾರೂ ಇರಲಿಲ್ಲ. ನಂಜುಂಡೇಶ್ವರನ ಪಟಕ್ಕೆ ಕೈಮುಗಿದು, ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಮಗುವನ್ನು ಎತ್ತಿಕೊಂಡೆ. ಬದುವಿನ ಹತ್ತಿರ ಬಂದಾಗ ಅವಳ ಮುಖವನ್ನು ಸೆರಗಿನಿಂದ ಮುಚ್ಚಿದೆ.

ಮುನಿಯಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದರು. ನಾನು ಹೊಸಿಲ ಹೊರಗೇ ನಿಂತೆ. ಮಗು ಕೊಸರಾಡಿ ಜಾರಿ ನೆಲಕ್ಕಿಳಿಯಿತು. ದಿನಾ ಎತ್ತಿ ಆಡಿಸಿದ ಮುಖವನ್ನು ದೂರದಿಂದಲೇ ಗುರುತಿಸಿತೋ ಏನೋ, ಹೊಸಿಲಿಗೆ ಎರಡೂ ಕೈಯೂರಿ, ಹೊಟ್ಟೆ ಮೇಲಕ್ಕೆಳೆದುಕೊಂಡು, ಆ ಕಡೆಗೆ ಧೊಪ್ಪನೆ ಬಿತ್ತು. ಅಳಲಿಲ್ಲ. ಮುನಿಯಮ್ಮನ ಕಡೆಗೆ ಹೊರಟಿತು.

ಅಳುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಮುನಿಯಮ್ಮನ ಸೊಸೆ ಲಕ್ಷ್ಮಕ್ಕ ಕಣ್ಣೊರೆಸಿಕೊಂಡು, "ದಾರಿ ಬಿಡ್ರಮ್ಮ, ನಮ್ ನಾದಿನಿ ಬಂದ್ಳು" ಎಂದಳು. ಒಬ್ಬಿಬ್ಬರು ನಗಲಾರದೆ ನಕ್ಕರು. ಕಾಯಿ ಒಡೆಯಬೇಕಿತ್ತು. ಆ ಮನೆಯಲ್ಲಿ ಆಗಲೇ ಒಂದು ಕಾಯಿ ಒಡೆದಿತ್ತು. ಅದರ ಹೋಳುಗಳಲ್ಲಿ ತಲೆದೆಸೆಯ ದೀಪ ಉರಿಯುತ್ತಿತ್ತು. ಲಕ್ಷ್ಮಕ್ಕ ಮಗುವಿನ ಕೈಹಿಡಿದು ಅತ್ತೆಯ ಬಾಯಿಗೆ ಅಕ್ಕಿಕಾಳು ಹಾಕಿಸಿದಳು.

ಹೊರಡುವಾಗ ನಾನು ತಡೆಯಲಾರದೆ, ವರ್ಷ ತುಂಬಿದರೆ ತೌಡನ್ನು ಯಾರಿಗೆ ತಂದುಕೊಡಲಿ ಎಂದು ಕೇಳಿದೆ.

"ತಕ್ಕಂಡೋಳೇ ಇಲ್ವಲ್ಲ, ಯಾರಿಗ್ ಕೊಡ್ತೀಯ?" ಎಂದಳು ಲಕ್ಷ್ಮಕ್ಕ. "ಮಗು ನಮ್ದೇ ಇರ್ಲಿ ಬುಡು. ನೀನ್ ಸಾಕ್ಕೊಂಡಿರು."

ಮಗು ಬದುಕಿಕೊಳ್ಳುತ್ತದೆ ಎಂದು ಎದೆ ಹಗುರಾಯಿತು. ಇನ್ನೆಂದೂ ನನ್ನದೆನ್ನುವ ಹಾಗಿಲ್ಲ ಎಂದು ಅಷ್ಟೇ ಭಾರವೂ ಆಯಿತು. ಊರಿನಿಂದ ಅಮ್ಮ, ಸಾಕು ಬಂದುಬಿಡಿ ಎಂದು ಈಗಲೂ ಹೇಳಿ ಕಳಿಸುತ್ತಾಳೆ. ಒಂದು ಮಗು ಇಲ್ಲಿನ ಬದುವಿನಲ್ಲಿದೆ, ಇನ್ನೊಂದು ಇಲ್ಲಿಯವರದು. ನಂಜನಗೂಡಿನ ದೇವರನ್ನು ಹೊಸೂರಿನ ಗೋಡೆಗೆ ತಗುಲಿಸಿಕೊಂಡು ದಿನ ತಳ್ಳುತ್ತಿದ್ದೇನೆ.

ಅಂದು ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಮಗುವಿಗೂ ಹುಯ್ದು ಮಲಗಿಸಿದೆ. ಬಟ್ಟೆಯಲ್ಲಿ ತೌಡು ಹಾಗೇ ಇತ್ತು. ದಿನವೂ ಅದನ್ನು ಮುನಿಯಮ್ಮನ ಹಸುವಿಗೆ ಹಾಕುವುದು ವಾಡಿಕೆ. ಅಂದು ಎತ್ತಿಕೊಂಡವಳಿಗೆ, ಬೆಲೆ ತೀರಿಸಿ ಮಗುವನ್ನು ಬಿಡಿಸಿಕೊಂಡ ಹಾಗಾದೀತೇ ಎಂದು ಕೈ ತಡೆಯಿತು. ಮೂಲೆಯ ಗಡಿಗೆಗೆ ಸುರಿದು ಬಾಯಿ ಮುಚ್ಚಿದೆ. ಬಟ್ಟೆ ಕೊಡವಿ, ಉಳಿದ ಹಿಟ್ಟನ್ನು ಸೋಸಲು ಕೂತೆ.